ಕಳೆ ಕೀಳೋಣ ಬನ್ನಿ: ಮನೆ ಹತ್ತಿರದ ನಿಸರ್ಗಧಾಮ, ಮಕ್ಕಳ ಕನ್ನಡ

ನಿಮ್ಮ ಮಗುವಿನ ಕನ್ನಡ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. 'ಊಟಕ್ಕೆ ಬಾ', 'ಹಲ್ಲುಜ್ಜು', 'ಶೂ ಹಾಕ್ಕೋ', 'ಐಪ್ಯಾಡ್ ಇಟ್ಟು ಮಲಕ್ಕೋ', 'ಅಜ್ಜಿ ಫೋನಲ್ಲಿದಾರೆ, ಮಾತಾಡು'. ಬಹುತೇಕ ಮನೆಗಳಲ್ಲಿ ಅದು ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಇರುತ್ತದೆ. ಮುಂಬಾಗಿಲು ದಾಟಿದ ಕೂಡಲೇ ಇಂಗ್ಲಿಷ್ ಶುರುವಾಗುತ್ತದೆ. ಹೊರಗಿನ ಮರ, ಹಕ್ಕಿ, ಹುಳ, ಮಣ್ಣು ಎಲ್ಲದರ ಹೆಸರನ್ನೂ ಮಗು ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಕಲಿತಿದೆ.

ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಆದರೆ ಇದರ ಪರಿಣಾಮ ಹತ್ತು-ಹನ್ನೆರಡನೇ ವಯಸ್ಸಿನ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಮಗು ಬೆಳೆದಿರುತ್ತದೆ, ಅದರ ಕನ್ನಡ ಮಾತ್ರ ನಾಲ್ಕು ವರ್ಷದ ಮಗುವಿನ ಕನ್ನಡವಾಗಿಯೇ ಉಳಿದಿರುತ್ತದೆ. ಮಾತಾಡಲು ಇಷ್ಟವಿಲ್ಲ ಅಂತಲ್ಲ, ಮಾತಾಡಲು ವಿಷಯವೇ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಕನ್ನಡ ಎಂದರೆ ರಜೆಯಲ್ಲಿ ಹೋಗುವ ಊರಿನದು, ನಾವು ಬದುಕುವ ಈ ನೆಲದ್ದಲ್ಲ ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತುಬಿಡುತ್ತದೆ.

ಕನ್ನಡ ಕಲಿ ತರಗತಿ, ಕಥೆಪುಸ್ತಕ, ಹಾಡು ಇವೆಲ್ಲ ಇರಲಿ. ಅವುಗಳ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಿ. ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಮನೆ ಹತ್ತಿರದ ನಿಸರ್ಗಧಾಮಕ್ಕೆ ಸ್ವಯಂಸೇವಕರಾಗಿ ಹೋಗಿ. ಅಲ್ಲಿನ ಕೆಲಸ ಬಹುಪಾಲು ನಮ್ಮ ಹಿರಿಯರು ಹೊಲದಲ್ಲಿ ಮಾಡಿದ ಕೆಲಸವೇ: ಕಳೆ ಕೀಳುವುದು, ಸಸಿ ನೆಡುವುದು, ಬೀಜ ಆರಿಸುವುದು. ಇದು ನೆಪಕ್ಕೆ ಮಾಡುವ ಕೆಲಸವಲ್ಲ. ಈ ಕೆಲಸವಿಲ್ಲದೆ ಕೆಲವು ಗಿಡಗಳು, ಚಿಟ್ಟೆಗಳು ಉಳಿಯುವುದೇ ಕಷ್ಟ. ಅದು ಹೇಗೆ ಎಂದು ತಿಳಿಯಲು ಒಂದು ಜಾಗದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಗಾಲ್ಫ್ ಮೈದಾನ ಆಗಬೇಕಿದ್ದ ಗುಡ್ಡ

ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆ ಕಡೆಗೆ 280 ಹೆದ್ದಾರಿಯಲ್ಲಿ ನೀವು ಹೋಗಿದ್ದರೆ ಎಡ್ಜ್‌ವುಡ್ ಗುಡ್ಡದ ಪಕ್ಕದಲ್ಲೇ ಹಾದುಹೋಗಿದ್ದೀರಿ. ರೆಡ್‌ವುಡ್ ಸಿಟಿಯ ಹತ್ತಿರ, ಸ್ಯಾನ್ ಮಟೇಯೋ ಕೌಂಟಿಗೆ ಸೇರಿದ 467 ಎಕರೆ ಜಾಗ ಅದು. ಬೇಸಿಗೆಯಲ್ಲಿ ನೋಡಿದರೆ ಒಣಹುಲ್ಲಿನ ಗುಡ್ಡ, ಅಲ್ಲಲ್ಲಿ ಓಕ್ ಮರಗಳು, ಅಷ್ಟೇ. ಮಾರ್ಚ್-ಏಪ್ರಿಲ್‌ನಲ್ಲಿ ನೋಡಿದರೆ ಗುಡ್ಡಕ್ಕೆ ಗುಡ್ಡವೇ ಹಳದಿ, ಬಿಳಿ, ನೇರಳೆ ಹೂಗಳಿಂದ ತುಂಬಿರುತ್ತದೆ.

ಕಾರಣ ಅಲ್ಲಿನ ಮಣ್ಣು. ಸರ್ಪೆಂಟೈನ್ ಎಂಬ ಹಸಿರು ಛಾಯೆಯ ಕಲ್ಲು ಸವೆದು ಆದ ಮಣ್ಣು ಅದು. 1965ರಿಂದ ಇದೇ ಕ್ಯಾಲಿಫೋರ್ನಿಯಾದ ರಾಜ್ಯಶಿಲೆ. ಈ ಮಣ್ಣಿನಲ್ಲಿ ಸಾರಜನಕ ಮತ್ತು ಕ್ಯಾಲ್ಸಿಯಂ ಕಡಿಮೆ, ಮೆಗ್ನೀಸಿಯಂ ಮತ್ತು ನಿಕ್ಕಲ್ ಜಾಸ್ತಿ. ಹೆಚ್ಚಿನ ಗಿಡಗಳಿಗೆ ಇದು ಒಗ್ಗುವುದಿಲ್ಲ. ರೈತರ ಕಣ್ಣಿಗೆ ಇದು ಸತ್ವವಿಲ್ಲದ ಬರಡು ನೆಲ. ಆದರೆ ಇಂಥ ಬಡಮಣ್ಣಿಗೇ ಒಗ್ಗಿಕೊಂಡ ಕೆಲವು ಗಿಡಗಳಿವೆ. ಅವುಗಳಿಗೆ ಬೇರೆಡೆ ಪೈಪೋಟಿ ತಡೆಯಲಾಗದು, ಇಲ್ಲಿ ಮಾತ್ರ ನೆಮ್ಮದಿ. ಸ್ಯಾನ್ ಮಟೇಯೋ ಥಾರ್ನ್‌ಮಿಂಟ್ ಎಂಬ ಪುಟ್ಟ ಗಿಡವನ್ನೇ ನೋಡಿ. ನಮ್ಮ ತುಳಸಿ, ಪುದೀನದ ಕುಟುಂಬಕ್ಕೆ ಸೇರಿದ್ದು. 1985ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಸಸ್ಯವೆಂದು ಘೋಷಿಸಿತು. ಈಗ ಅದರ ಮುಖ್ಯ ನೆಲೆ ಈ ಗುಡ್ಡವೇ.

1967ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಕಾಲೇಜು ಕಟ್ಟಲೆಂದು ಕೊಂಡಿತ್ತು. ಕಾಲೇಜು ಬರಲಿಲ್ಲ. 1980ರಲ್ಲಿ ಇದು ಸಾರ್ವಜನಿಕ ಉದ್ಯಾನವಾಯಿತು. ಆದರೆ ಇಲ್ಲೊಂದು ಗಾಲ್ಫ್ ಮೈದಾನ ಮಾಡುವ ಯೋಜನೆ ಕೌಂಟಿಯ ಮುಂದೆ ವರ್ಷಗಟ್ಟಲೆ ಇತ್ತು. ಅದನ್ನು ವಿರೋಧಿಸಿದವರಲ್ಲಿ ಕ್ಯಾಲಿಫೋರ್ನಿಯಾ ಸ್ಥಳೀಯ ಸಸ್ಯ ಸಂಘದ ಸದಸ್ಯರಿದ್ದರು, ಸುತ್ತಮುತ್ತಲಿನ ನಿವಾಸಿಗಳಿದ್ದರು. ಅವರು ಸಭೆಗಳಲ್ಲಿ ವಾದ ಮಾಡಿದ್ದಲ್ಲದೆ ಇನ್ನೊಂದು ಸರಳ ಕೆಲಸವನ್ನೂ ಮಾಡಿದರು. ವಸಂತಕಾಲದ ವಾರಾಂತ್ಯಗಳಲ್ಲಿ ಜನರನ್ನು ಕರೆದುಕೊಂಡು ಹೋಗಿ ಹೂ ತೋರಿಸಿದರು. ನೋಡಿದವರಿಗೆ ಅದು ಖಾಲಿ ಗುಡ್ಡವಾಗಿ ಉಳಿಯಲಿಲ್ಲ. 1993ರಲ್ಲಿ ಕೌಂಟಿಯ ಆಡಳಿತ ಮಂಡಳಿ ಇದನ್ನು ನಿಸರ್ಗಧಾಮವೆಂದು ಘೋಷಿಸಿತು. ಆ ಹೂ ತೋರಿಸುವ ನಡಿಗೆಗಳು ಇಂದಿಗೂ ನಡೆಯುತ್ತಿವೆ. ಈಗ ಅವನ್ನು ನಡೆಸುವವರು 'ಫ್ರೆಂಡ್ಸ್ ಆಫ್ ಎಡ್ಜ್‌ವುಡ್' ಎಂಬ ಸ್ವಯಂಸೇವಕರ ಬಳಗದವರು.

ಚಿಟ್ಟೆಗೂ ಕಾರಿಗೂ ಏನು ಸಂಬಂಧ?

ನಿಸರ್ಗಧಾಮ ಎಂದು ಬೋರ್ಡ್ ಹಾಕಿದರೆ ಎಲ್ಲ ಉಳಿಯಿತು ಎಂದುಕೊಳ್ಳುವ ಹಾಗಿಲ್ಲ. ಎಡ್ಜ್‌ವುಡ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು.

ಈ ಗುಡ್ಡದಲ್ಲಿ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆ ಇತ್ತು. ರೆಕ್ಕೆಯ ಮೇಲೆ ಕಪ್ಪು, ಕೇಸರಿ, ಕೆನೆಬಣ್ಣದ ಚೌಕುಳಿ. ಅಂಗೈಯಲ್ಲಿ ಸುಲಭವಾಗಿ ಹಿಡಿಸುವಷ್ಟು ಪುಟ್ಟದು. 1987ರಲ್ಲಿ ಇದು ಅಪಾಯದಲ್ಲಿರುವ ಜೀವಿಗಳ ಸರ್ಕಾರಿ ಪಟ್ಟಿಗೆ ಸೇರಿತು. ಇದರ ಕಂಬಳಿಹುಳು ಮುಖ್ಯವಾಗಿ ತಿನ್ನುವುದು ಒಂದು ಗಿಡದ ಎಲೆಯನ್ನು: ಬೆರಳುದ್ದದ ಡ್ವಾರ್ಫ್ ಪ್ಲಾಂಟೇನ್. ಹೆಸರು ಕೇಳಿ ಬಾಳೆಗಿಡ ಎಂದುಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಹೊಟ್ಟೆ ಸರಿಯಿಲ್ಲದಾಗ ನೀರಿಗೆ ಬೆರೆಸಿ ಕುಡಿಯುವ ಇಸಬ್‌ಗೋಲ್ ಇದೆಯಲ್ಲ, ಇದು ಆ ಗಿಡದ ಹತ್ತಿರದ ಸಂಬಂಧಿ.

ವಸಂತದಲ್ಲಿ ತಾಯಿ ಚಿಟ್ಟೆ ಆ ಗಿಡದ ಬುಡದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳುಗಳು ಬೇಸಿಗೆಯಲ್ಲಿ ಗಿಡ ಒಣಗುವುದರೊಳಗೆ ತಿಂದು ಬಲಿಯಬೇಕು. ಆಮೇಲೆ ಕಲ್ಲಿನ ಸಂದಿಯಲ್ಲಿ, ಮಣ್ಣಿನ ಬಿರುಕಿನಲ್ಲಿ ತಿಂಗಳುಗಟ್ಟಲೆ ಮಲಗುತ್ತವೆ. ಚಳಿಗಾಲದ ಮಳೆ ಬಂದು ಹೊಸ ಚಿಗುರು ಒಡೆದಾಗ ಎದ್ದು ಮತ್ತೆ ತಿನ್ನುತ್ತವೆ, ಬಿಸಿಲು ಕಾಯಿಸಿಕೊಳ್ಳುತ್ತವೆ, ಗೂಡು ಕಟ್ಟಿ ಚಿಟ್ಟೆಯಾಗುತ್ತವೆ. ಲೆಕ್ಕ ಒಂದು ವಾರ ಹಿಂದೆ-ಮುಂದೆ ಆದರೂ ಹುಳು ಹಸಿವಿನಿಂದ ಸಾಯುತ್ತದೆ.

ಈ ಲೆಕ್ಕವನ್ನು ಕೆಡಿಸಿದ್ದು ಪಕ್ಕದ ಹೆದ್ದಾರಿ. ಕಾರುಗಳ ಹೊಗೆಯಲ್ಲಿ ಸಾರಜನಕದ ಸಂಯುಕ್ತಗಳಿರುತ್ತವೆ. ಅವು ಗಾಳಿಯಲ್ಲಿ ಬಂದು ಗುಡ್ಡದ ಮೇಲೆ ಕೂರುತ್ತವೆ. ಅಂದರೆ ಬಡಮಣ್ಣಿಗೆ ಪ್ರತಿದಿನ ಸ್ವಲ್ಪ ಸ್ವಲ್ಪ ಗೊಬ್ಬರ ಹಾಕಿದಂತೆ. ಗದ್ದೆಗೆ ಯೂರಿಯಾ ಚೆಲ್ಲಿದರೆ ಬೆಳೆಗಿಂತ ಮೊದಲು ಕಳೆ ಏಳುತ್ತದೆ ಎಂದು ಊರಿನ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಇಲ್ಲೂ ಹಾಗೇ ಆಯಿತು. ಯುರೋಪಿನಿಂದ ಬಂದ ಇಟಾಲಿಯನ್ ರೈ ಹುಲ್ಲು ಒತ್ತಾಗಿ ಬೆಳೆಯಿತು. ಅದರ ನೆರಳಿನಲ್ಲಿ ಪುಟ್ಟ ಪ್ಲಾಂಟೇನ್ ಗಿಡ ಮುಚ್ಚಿಹೋಯಿತು. ಜೀವಶಾಸ್ತ್ರಜ್ಞ ಸ್ಟುವರ್ಟ್ ವೈಸ್ 1999ರಲ್ಲಿ ಕಾರು, ಹಸು, ಚಿಟ್ಟೆ ಈ ಮೂರರ ನಂಟನ್ನು ವಿವರಿಸುವ ಲೇಖನ ಪ್ರಕಟಿಸಿದರು. ಹಸು ಯಾಕೆಂದರೆ, ದಕ್ಷಿಣದ ಕಯೋಟಿ ರಿಜ್ ಕಡೆಯ ಗುಡ್ಡಗಳಲ್ಲಿ ಹಸುಗಳು ಈ ಹುಲ್ಲನ್ನು ಮೇಯ್ದದ್ದರಿಂದ ಅಲ್ಲಿ ಚಿಟ್ಟೆ ಉಳಿದಿತ್ತು. ಎಡ್ಜ್‌ವುಡ್‌ನಲ್ಲಿ ಮೇಯುವ ದನಗಳಿರಲಿಲ್ಲ. 2002ರ ಹೊತ್ತಿಗೆ ಅಲ್ಲಿ ಆ ಚಿಟ್ಟೆ ಒಂದೂ ಉಳಿಯಲಿಲ್ಲ.

ಗಮನಿಸಿ, ಯಾರೂ ಅಲ್ಲಿ ಕಟ್ಟಡ ಕಟ್ಟಲಿಲ್ಲ, ಬೆಂಕಿ ಇಡಲಿಲ್ಲ, ಚಿಟ್ಟೆ ಹಿಡಿಯಲಿಲ್ಲ. ಕೆಲಸಕ್ಕೆ ಹೋಗುವವರು ಕೆಲಸಕ್ಕೆ ಹೋದರು, ಅಷ್ಟೇ. ನೀವು ಬೇ ಏರಿಯಾದವರಾದರೆ ಆ ಸಾಲಿನಲ್ಲಿ ನಿಮ್ಮ ಕಾರೂ ಇದ್ದಿರಬಹುದು.

ಆಮೇಲೆ ಆದದ್ದು ಮಕ್ಕಳಿಗೆ ಹೇಳಲು ಇನ್ನೂ ಒಳ್ಳೆಯ ಕಥೆ. ಹುಲ್ಲು ಹೂಬಿಟ್ಟು ಬೀಜ ಕಟ್ಟುವ ಮೊದಲು, ಸ್ಥಳೀಯ ಗಿಡಗಳ ಬೀಜ ಉದುರಿದ ನಂತರ, ಆ ನಡುವಿನ ದಿನಗಳಲ್ಲಿ ಹುಲ್ಲು ಕತ್ತರಿಸಿ ನೋಡಿದರು. ಪ್ಲಾಂಟೇನ್ ಮತ್ತೆ ತಲೆ ಎತ್ತಿತು. 2007ರಲ್ಲಿ ಕಯೋಟಿ ರಿಜ್‌ನಿಂದ ಸುಮಾರು 1000 ಕಂಬಳಿಹುಳುಗಳನ್ನು ತಂದು ಎಡ್ಜ್‌ವುಡ್‌ನಲ್ಲಿ ಬಿಟ್ಟರು. ಅಷ್ಟಕ್ಕೇ ಗೆಲ್ಲಲಿಲ್ಲ. 2011ರಿಂದ ಮತ್ತೆ ಸಾವಿರಗಟ್ಟಲೆ ಹುಳುಗಳನ್ನು ತಂದರು. ಹುಲ್ಲು ಕತ್ತರಿಸುವುದು, ಕಳೆ ಕೀಳುವುದು, ಚಿಟ್ಟೆ ಎಣಿಸುವುದು ಹೀಗೆ ಕೆಲಸ ವರ್ಷವರ್ಷವೂ ಮುಂದುವರಿಯಬೇಕು. ಹೆದ್ದಾರಿ ಅಲ್ಲೇ ಇದೆ, ಹೊಗೆಯೂ ಬರುತ್ತಲೇ ಇದೆ.

ಕೊಡಗಿನ ದೇವರಕಾಡುಗಳ ಬಗ್ಗೆ ನೀವು ಕೇಳಿರುತ್ತೀರಿ. ಅಲ್ಲಿನ ಕಟ್ಟಳೆ 'ಮುಟ್ಟಬೇಡ' ಎನ್ನುವುದು. ಮರ ಕಡಿಯಬೇಡ, ಬೇಟೆಯಾಡಬೇಡ. ಎಷ್ಟೋ ತಲೆಮಾರು ಆ ಕಟ್ಟಳೆ ಕಾಡನ್ನು ಕಾಯ್ದಿತು. ಇಂದಿನ ನಿಸರ್ಗಧಾಮಗಳಿಗೆ ಅದೂ ಬೇಕು, ಜೊತೆಗೆ 'ಬಂದು ಕೈಹಾಕು' ಎನ್ನುವುದೂ ಬೇಕು. ನಾವು ಅರಿವಿಲ್ಲದೆ ಕೆಡಿಸಿದ್ದನ್ನು ನಾವೇ ಕೈಯಾರೆ ಸರಿಮಾಡಬೇಕಾಗಿದೆ.

ಕೀಳುವುದಕ್ಕೂ ಒಂದು ಕ್ರಮ

ಕಳೆ ತುಂಬಿದ ಜಾಗ ನೋಡಿದರೆ ಯಾರಿಗಾದರೂ ಅನ್ನಿಸುವುದು, ಎಲ್ಲಿ ಅತಿ ಹೆಚ್ಚು ಕಳೆ ಇದೆಯೋ ಅಲ್ಲಿಂದ ಶುರುಮಾಡೋಣ ಎಂದು. ಅನುಭವಿಗಳು ಇದಕ್ಕೆ ತದ್ವಿರುದ್ಧವಾಗಿ ಮಾಡುತ್ತಾರೆ. ಈ ಕ್ರಮವನ್ನು ರೂಪಿಸಿದವರು ಆಸ್ಟ್ರೇಲಿಯಾದ ಇಬ್ಬರು ಅಕ್ಕತಂಗಿಯರು, ಐಲೀನ್ ಬ್ರಾಡ್ಲಿ ಮತ್ತು ಜೋನ್ ಬ್ರಾಡ್ಲಿ. 1960ರ ದಶಕದಲ್ಲಿ ಸಿಡ್ನಿಯ ಮಾಸ್ಮನ್ ಬಡಾವಣೆಯಲ್ಲಿ ತಮ್ಮ ಮನೆ ಹತ್ತಿರದ ಕಾಡಿನಲ್ಲಿ ವಾಕಿಂಗ್ ಹೋಗುವಾಗ ಅಷ್ಟಷ್ಟೇ ಕಳೆ ಕಿತ್ತು, ಏನಾಗುತ್ತದೆ ಎಂದು ಗಮನಿಸುತ್ತಾ ಬಂದರು. ಅದರಿಂದ ಮೂರು ಸೂತ್ರ ಕಂಡುಕೊಂಡರು.

ಒಂದು, ಚೆನ್ನಾಗಿರುವ ಜಾಗದಿಂದ ಶುರುಮಾಡಿ ಕೆಟ್ಟ ಜಾಗದ ಕಡೆಗೆ ಹೋಗಬೇಕು. ಎರಡು, ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು, ಯಾಕೆಂದರೆ ಕೆದಕಿದ ಮಣ್ಣಿನಲ್ಲಿ ಮೊದಲು ಬರುವುದು ಕಳೆಯೇ. ಮೂರು, ಸ್ಥಳೀಯ ಗಿಡಗಳು ಎಷ್ಟು ವೇಗವಾಗಿ ಆ ಜಾಗ ತುಂಬುತ್ತವೋ ಅಷ್ಟೇ ವೇಗದಲ್ಲಿ ಕೀಳಬೇಕು, ಅವಸರ ಕೂಡದು. ಕಿತ್ತದ್ದರ ಲೆಕ್ಕಕ್ಕಿಂತ ಮತ್ತೆ ಬೆಳೆದದ್ದರ ಲೆಕ್ಕ ಮುಖ್ಯ. ಇಂದು ಜಗತ್ತಿನ ಅನೇಕ ಕಡೆ ಸ್ವಯಂಸೇವಕರು ಕೆಲಸ ಮಾಡುವುದು ಈ ಕ್ರಮದಲ್ಲಿ.

ಮಕ್ಕಳಿಗೆ ಕನ್ನಡ ಕಲಿಸುವ ತಂದೆತಾಯಿಗಳಿಗೂ ಈ ಸೂತ್ರ ಒಪ್ಪುತ್ತದೆ. ಬಾರದ ಪದಗಳ ಪಟ್ಟಿ ಹಿಡಿದು ಕೂರುವುದಕ್ಕಿಂತ, ಈಗಾಗಲೇ ಚೆನ್ನಾಗಿ ಬರುವ ಮಾತಿನಿಂದ ಶುರುಮಾಡಿ ಅಂಚಿನಲ್ಲಿ ಅಷ್ಟಷ್ಟೇ ಬೆಳೆಸುತ್ತಾ ಹೋಗುವುದು ಮೇಲು.

ಕೈಗೆ ಮಣ್ಣು, ಬಾಯಿಗೆ ಕನ್ನಡ

ಸಾಮಾನ್ಯವಾಗಿ ಇಂಥ ಕೆಲಸ ಬೆಳಿಗ್ಗೆ ಎರಡು-ಮೂರು ಗಂಟೆ ಇರುತ್ತದೆ. ಮುಂದಾಳು ಮೊದಲು ಹತ್ತು ನಿಮಿಷ ಇವತ್ತಿನ ಕಳೆ ಯಾವುದು, ಅದರಂತೆಯೇ ಕಾಣುವ ಆದರೆ ಕೀಳಬಾರದ ಗಿಡ ಯಾವುದು ಎಂದು ತೋರಿಸುತ್ತಾರೆ. ಕೈಗವಸು, ಸಣ್ಣ ಸಲಿಕೆ ಕೊಡುತ್ತಾರೆ. ಆಮೇಲೆ ಎಲ್ಲರೂ ಸಾಲಾಗಿ ಹರಡಿಕೊಂಡು ಕೂರುತ್ತಾರೆ. ಅಲ್ಲಿ ನಿಮ್ಮ ಪಕ್ಕದಲ್ಲಿ ನಿಮ್ಮ ಮಗು. ಕೈಗೆ ಕೆಲಸವಿದೆ, ಮುಖ ನೋಡಿಕೊಂಡು ಮಾತಾಡಬೇಕಾದ ಮುಜುಗರವಿಲ್ಲ, ಹಿಡಿಯಲು ಫೋನಿಲ್ಲ. ಹದಿಹರೆಯದ ಮಕ್ಕಳು ಕಾರಿನಲ್ಲಿ ಹೋಗುವಾಗ ಹೆಚ್ಚು ಮಾತಾಡುತ್ತಾರಲ್ಲ, ಇದೂ ಅಂಥದ್ದೇ ಸಂದರ್ಭ.

ಇಲ್ಲಿ ಬೇಕಾಗುವ ಕನ್ನಡ ಅಡುಗೆಮನೆಯದಲ್ಲ. ಬೇರು, ತಾಯಿಬೇರು, ಬುಡ, ದಂಟು, ಮೊಗ್ಗು, ಮುಳ್ಳು, ತೆನೆ, ಮೊಳಕೆ, ಸಸಿ, ಹುತ್ತ, ಇಬ್ಬನಿ, ಎರೆಹುಳು. ಇನ್ನು ಕ್ರಿಯಾಪದಗಳು: ಅಗೆ, ಕೆದಕು, ಸಡಿಲಿಸು, ಜಾಡಿಸು, ಕೊಡವು, ಬಗ್ಗು, ತುಳಿಯಬೇಡ. 'ಬುಡಸಮೇತ ಕೀಳು' ಎಂದು ಮಗುವಿಗೆ ಹೇಳಿ ನೋಡಿ. ಅರ್ಧಕ್ಕೆ ತುಂಡಾಗಿ ಬೇರು ಒಳಗೇ ಉಳಿದಾಗ ಆ ಮಾತಿನ ಅರ್ಥ ಕೈಗೇ ಗೊತ್ತಾಗುತ್ತದೆ. ಅದನ್ನು ಮರೆಯುವುದು ಕಷ್ಟ. ಮುಂದೊಂದು ದಿನ 'ಸಮಸ್ಯೆಯನ್ನು ಬುಡಸಮೇತ ಕೀಳಬೇಕು' ಎಂಬ ಮಾತು ಕೇಳಿದರೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

'ಕಳೆ' ಎಂಬ ಪದವನ್ನೇ ಆಟವಾಗಿ ಆಡಬಹುದು. ಗದ್ದೆಯಲ್ಲಿ ಬೆಳೆಯುವ ಕಳೆ, ಮುಖದ ಮೇಲಿನ ಕಳೆ, ಹತ್ತರಲ್ಲಿ ಮೂರು ಕಳೆ, ಸಮಯ ಕಳೆ. ಒಂದೇ ಪದ, ನಾಲ್ಕು ಅರ್ಥ. ಎಂಟು-ಹತ್ತು ವರ್ಷದ ಮಕ್ಕಳಿಗೆ ಇಂಥದ್ದು ಬಹಳ ಇಷ್ಟ. ಚಿಟ್ಟೆಗೆ ಉತ್ತರ ಕರ್ನಾಟಕದಲ್ಲಿ ಪಾತರಗಿತ್ತಿ ಎನ್ನುತ್ತಾರೆ ಎಂದು ಹೇಳಿ. ಅಪ್ಪನ ಊರಿನ ಪದ ಯಾವುದು, ಅಮ್ಮನ ಊರಿನ ಪದ ಯಾವುದು ಎಂಬ ಜಗಳ ಹುಟ್ಟಿದರೆ ಇನ್ನೂ ಒಳ್ಳೆಯದು.

ಎಷ್ಟೋ ಗಿಡಗಳಿಗೆ ಕನ್ನಡದಲ್ಲಿ ಹೆಸರೇ ಇಲ್ಲ. ಅದಕ್ಕೆ ಹಿಂಜರಿಯಬೇಡಿ. ಇಂಗ್ಲಿಷ್ ಹೆಸರನ್ನೂ ಕಲಿಸಿ, ಜೊತೆಗೆ ಮಕ್ಕಳನ್ನೇ ಹೆಸರಿಡಲು ಬಿಡಿ. ಡ್ವಾರ್ಫ್ ಪ್ಲಾಂಟೇನ್ 'ಇಸಬ್‌ಗೋಲಿನ ತಮ್ಮ' ಆಗಬಹುದು. ಯೆಲ್ಲೋ ಸ್ಟಾರ್‌ಥಿಸಲ್ 'ಹಳದಿ ನಕ್ಷತ್ರಮುಳ್ಳು' ಆಗಬಹುದು. ತಾನು ಹೆಸರಿಟ್ಟ ಗಿಡವನ್ನು ಮಗು ಮುಂದಿನ ಸಲ ದೂರದಿಂದಲೇ ಗುರುತಿಸುತ್ತದೆ.

ಊರಿನಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಆರು ತಿಂಗಳು ಮನೆಯೊಳಗೆ ಕೂತು ಬೇಸರಪಡುವ ಹಿರಿಯರಲ್ಲಿ ಅನೇಕರು ಹೊಲಗದ್ದೆಯಲ್ಲಿ ಬೆಳೆದವರು, ಎಡೆಕುಂಟೆ ಹೊಡೆದವರು, ಸಾಲು ಹಿಡಿದು ಕಳೆ ಕಿತ್ತವರು. ಇಲ್ಲಿ ಮೊಮ್ಮಗ ರಿಮೋಟ್ ಹಿಡಿಯುವುದನ್ನು ಕಲಿಸುತ್ತಾನೆ, ಅಲ್ಲಿ ಅಜ್ಜಿ ಬೇರು ತುಂಡಾಗದಂತೆ ಕೀಳುವುದನ್ನು ಕಲಿಸುತ್ತಾರೆ. ಮಂಡಿನೋವಿದ್ದರೆ ಒಂದು ಮಡಚುವ ಕುರ್ಚಿ ಇರಲಿ, ಪಕ್ಕದಲ್ಲಿ ಕೂತು ಮಾತಾಡಿದರೂ ಸಾಕು. ಅವರು ಊರಲ್ಲೇ ಇದ್ದರೆ ಸಂಜೆ ವಿಡಿಯೋ ಕಾಲ್‌ನಲ್ಲಿ ಮಗು ಫೋಟೋ ತೋರಿಸಲಿ. 'ಊಟ ಆಯ್ತಾ ಪುಟ್ಟಾ' ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು 'ನಮ್ಮ ಕಡೆ ಕಾಂಗ್ರೆಸ್ ಗಿಡ ಅಂತ ಒಂದಿದೆ, ಅದಂತೂ...' ಎಂದು ಮುಂದುವರಿಯುತ್ತದೆ.

'ಅಮ್ಮಾ, ನಾವೂ ಹೊರಗಿನಿಂದ ಬಂದವರೇ ಅಲ್ವಾ?'

ಒಂದು ಪ್ರಶ್ನೆಗೆ ಮೊದಲೇ ತಯಾರಾಗಿರಿ. ಈ ಕೆಲಸದಲ್ಲಿ 'ಸ್ಥಳೀಯ', 'ಹೊರಗಿನದು', 'ಆಕ್ರಮಣಕಾರಿ' ಎಂಬ ಮಾತುಗಳು ಪದೇ ಪದೇ ಬರುತ್ತವೆ. ಬುದ್ಧಿವಂತ ಮಗು ಒಂದು ದಿನ ಕೇಳಿಯೇ ಕೇಳುತ್ತದೆ: ಹೊರಗಿನಿಂದ ಬಂದ ಗಿಡ ಕಿತ್ತು ಹಾಕಬೇಕು ಅಂದ್ರೆ, ನಾವು? ಶಾಲೆಯಲ್ಲಿ 'ನೀನು ನಿಜವಾಗಿ ಎಲ್ಲಿಯವನು' ಎಂದು ಕೇಳಿಸಿಕೊಂಡ ಮಗುವಿಗೆ ಈ ಪ್ರಶ್ನೆ ತಮಾಷೆಯಲ್ಲ. ನಗೆಯಾಡಿ ತಳ್ಳಿಹಾಕಬೇಡಿ.

ಮೊದಲಿಗೆ, ಮನುಷ್ಯರು ಗಿಡಗಳಲ್ಲ ಎಂದು ನೇರವಾಗಿ ಹೇಳಿ. ಮನುಷ್ಯರು ಯೋಚಿಸಬಲ್ಲರು, ತಿದ್ದಿಕೊಳ್ಳಬಲ್ಲರು, ಜಾಗ ಹಂಚಿಕೊಳ್ಳಬಲ್ಲರು. ಆಮೇಲೆ ಗಿಡದ ವಿಷಯದಲ್ಲೂ ಸರಿಯಾದ ಮಾತು ಹೇಳಿ. ಹೊರಗಿನಿಂದ ಬಂದ ಗಿಡಗಳನ್ನೆಲ್ಲ ಯಾರೂ ಕೀಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನಿಂದ ಬಂದು ತಾವಾಗಿಯೇ ಬೆಳೆಯುತ್ತಿರುವ ಗಿಡಗಳು ಸಾವಿರಕ್ಕೂ ಹೆಚ್ಚು ಬಗೆಯವು. ಅವುಗಳಲ್ಲಿ ಹಾನಿಕರವೆಂದು ಪಟ್ಟಿಯಾಗಿರುವುದು ಒಂದು ಸಣ್ಣ ಪಾಲು. ನಮ್ಮ ಅಡುಗೆಮನೆಯನ್ನೇ ನೋಡಿ: ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಗೋಡಂಬಿ ಎಲ್ಲವೂ ಅಮೆರಿಕ ಖಂಡಗಳಿಂದ ಭಾರತಕ್ಕೆ ಬಂದವು. ಬ್ಯಾಡಗಿ ಮೆಣಸಿನಕಾಯಿಯನ್ನು ಇಂದು ಯಾರಾದರೂ ಹೊರಗಿನದು ಎನ್ನುತ್ತಾರೆಯೇ? ಅದೇ ಅಮೆರಿಕದ ಉಷ್ಣವಲಯದಿಂದ 19ನೇ ಶತಮಾನದ ಆರಂಭದಲ್ಲಿ ಅಂದದ ಗಿಡವಾಗಿ ಬಂದ ಲಂಟಾನ ಮಾತ್ರ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹುಲ್ಲು ಬೆಳೆಯದಂತೆ, ಪ್ರಾಣಿಗಳು ಓಡಾಡದಂತೆ ಹಬ್ಬಿಕೊಂಡಿತು. ಎರಡೂ ಬಂದದ್ದು ಒಂದೇ ಕಡೆಯಿಂದ. ಒಂದು ಎಲ್ಲರ ಜೊತೆ ಬೆರೆಯಿತು, ಇನ್ನೊಂದು ಯಾರಿಗೂ ಜಾಗ ಬಿಡಲಿಲ್ಲ. (ಆ ಲಂಟಾನಕ್ಕೂ ಜನ ಉಪಾಯ ಹುಡುಕಿದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಮೇಜು ಮಾಡುತ್ತಾರೆ. ನೀಲಗಿರಿ ಕಡೆಯ ಬುಡಕಟ್ಟು ಜನ ಲಂಟಾನದಿಂದ ಹೆಣೆದ ಜೀವಗಾತ್ರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಮಕ್ಕಳಿಗೆ ಚಿತ್ರ ಹುಡುಕಿ ತೋರಿಸಿ.)

ಇಲ್ಲಿ ನಮ್ಮ ಭಾಷೆಯೂ ಸಹಾಯಕ್ಕೆ ಬರುತ್ತದೆ. 'ಕಳೆ' ಎನ್ನುವ ಪದ ಗಿಡ ಎಲ್ಲಿಂದ ಬಂತು ಎಂದು ಕೇಳುವುದೇ ಇಲ್ಲ. ಬೆಳೆಯುವುದಕ್ಕೆ ಬಿಡದೆ ಬೇರೆಯದನ್ನು ಒತ್ತುವುದು ಕಳೆ. ರಾಗಿ ಹೊಲದಲ್ಲಿ ಬೆಳೆಯುವ ಹುಲ್ಲು ಅದೇ ಊರಿನದಾದರೂ ಅಲ್ಲಿ ಅದು ಕಳೆಯೇ. ಆದ್ದರಿಂದ ಮಕ್ಕಳ ಜೊತೆ ಮಾತಾಡುವಾಗ 'ಶತ್ರು', 'ದಾಳಿ', 'ಪರದೇಶಿ' ಎಂಬ ಪದಗಳನ್ನು ಬಿಟ್ಟು 'ಕಳೆ' ಎಂದೇ ಹೇಳಿ. 'ಎಲ್ಲಿಂದ ಬಂತು ಅನ್ನೋದಲ್ಲ ಪುಟ್ಟಾ, ಪಕ್ಕದವರಿಗೆ ಜಾಗ ಬಿಡ್ತಾ ಇದೆಯಾ ಅನ್ನೋದು ಮುಖ್ಯ.' ಏಳು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ.

ಎಡ್ಜ್‌ವುಡ್ ಇರುವ ನೆಲದಲ್ಲಿ ಸಾವಿರಾರು ವರ್ಷ ಬದುಕಿದ್ದವರು ಓಲೋನಿ ಜನ. ಅವರನ್ನು ಬಿಟ್ಟರೆ ಅಲ್ಲಿರುವ ಹೆಚ್ಚಿನವರೆಲ್ಲ ಒಂದಲ್ಲ ಒಂದು ಕಾಲಕ್ಕೆ ಬೇರೆಡೆಯಿಂದ ಬಂದವರೇ. ಬಂದವರು ಆ ನೆಲಕ್ಕೆ ಏನು ಮಾಡಿದರು ಎಂಬುದು ನೋಡಬೇಕಾದ ವಿಷಯ. ನಿಮ್ಮ ಮಗು ಬಗ್ಗಿ ಒಂದು ಮುಳ್ಳುಗಿಡ ಕಿತ್ತು ಪುಟ್ಟ ಗಿಡಕ್ಕೆ ಬಿಸಿಲು ಬೀಳುವಂತೆ ಮಾಡಿದರೆ, ಆ ಜಾಗದ ಮೇಲೆ ಅದಕ್ಕೂ ಒಂದು ಹಕ್ಕು ಬಂದಂತೆ. 'ಇದು ನಮ್ಮ ಜಾಗ' ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಅದಕ್ಕೇ ಅನ್ನಿಸುತ್ತದೆ.

ನೀವು ಬೇರೆ ದೇಶದಲ್ಲಿದ್ದರೆ

ಎಡ್ಜ್‌ವುಡ್ ಒಂದು ಉದಾಹರಣೆ ಅಷ್ಟೇ. ನೀವಿರುವ ಕಡೆಯೂ ಇಂಥದ್ದು ಇರುತ್ತದೆ, ಕೆಲವು ಕಡೆ ನಮ್ಮ ಊರಿನ ನಂಟೂ ಇರುತ್ತದೆ.

ಆಸ್ಟ್ರೇಲಿಯಾ: ಬ್ರಾಡ್ಲಿ ಸಹೋದರಿಯರ ನಾಡು. ಅನೇಕ ಸ್ಥಳೀಯ ಕೌನ್ಸಿಲ್‌ಗಳು 'ಬುಷ್‌ಕೇರ್' ಗುಂಪುಗಳನ್ನು ನಡೆಸುತ್ತವೆ. ಸಿಡ್ನಿ, ಬ್ರಿಸ್ಬೇನ್ ಕಡೆ ನೀವು ಕೀಳುವ ಗಿಡ ಬಂಡೀಪುರದ್ದೇ ಲಂಟಾನ ಆಗಿರಬಹುದು.

ಬ್ರಿಟನ್ ಮತ್ತು ಜರ್ಮನಿ: ಹೊಳೆದಂಡೆಗಳಲ್ಲಿ ಹಬ್ಬಿರುವ ಗುಲಾಬಿ ಹೂವಿನ ಹಿಮಾಲಯನ್ ಬಾಲ್ಸಂ ನಮ್ಮ ಕರ್ಣಕುಂಡಲದ ಸಂಬಂಧಿ. 1839ರಲ್ಲಿ ತೋಟದ ಗಿಡವಾಗಿ ಬ್ರಿಟನ್ನಿಗೆ ಬಂದಿತು. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ 7 ಮೀಟರ್ ದೂರದವರೆಗೂ ಹಾರುತ್ತದೆ. ಅದಕ್ಕೇ ಕಾಯಿ ಕಟ್ಟುವ ಮೊದಲು, ಬೇಸಿಗೆಯ ಆರಂಭದಲ್ಲಿ ಕೀಳುತ್ತಾರೆ. ಬೇರು ಆಳವಿಲ್ಲದ್ದರಿಂದ ಪುಟ್ಟ ಮಕ್ಕಳಿಗೂ ಸುಲಭ.

ಕೊಲ್ಲಿ ದೇಶಗಳು: ಯುಎಇಯ ರಾಷ್ಟ್ರೀಯ ವೃಕ್ಷ ಗಾಫ್ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ ಮರವೇ. 2019ರಲ್ಲಿ ಆ ದೇಶ ಆಚರಿಸಿದ ಸಹಿಷ್ಣುತೆಯ ವರ್ಷಕ್ಕೆ ಇದೇ ಮರ ಲಾಂಛನವಾಗಿತ್ತು. ಗಾಫ್ ಸಸಿ ನೆಡುವ, ಕಡಲ ತೀರದ ಕಾಂಡ್ಲಾ ಕಾಡು ಬೆಳೆಸುವ ಕೆಲಸಗಳು ಚಳಿಗಾಲದ ತಿಂಗಳುಗಳಲ್ಲಿ ನಡೆಯುತ್ತವೆ. ಮುಂದಿನ ದಸರೆಗೆ ಬನ್ನಿ ಕೊಡುವಾಗ ಮಗುವಿಗೆ ಆ ಮರ ಕಣ್ಣಾರೆ ಗೊತ್ತಿರುತ್ತದೆ.

ಸಿಂಗಾಪುರ: ಸುಂಗೈ ಬುಲೋ ಜೌಗುಪ್ರದೇಶ 2002ರಲ್ಲಿ ಸಂರಕ್ಷಿತ ನಿಸರ್ಗಧಾಮವಾಯಿತು. ವಲಸೆ ಹಕ್ಕಿಗಳನ್ನು ನೋಡಲು, ಕಾಂಡ್ಲಾ ಗಿಡಗಳನ್ನು ಅರಿಯಲು ಒಳ್ಳೆಯ ಜಾಗ. ಸ್ವಯಂಸೇವಕರಿಗೆ ರಾಷ್ಟ್ರೀಯ ಉದ್ಯಾನ ಮಂಡಳಿಯ ಕಾರ್ಯಕ್ರಮಗಳಿವೆ.

ಕೆನಡಾ: ಒಂಟಾರಿಯೋ ಕಾಡುಗಳಲ್ಲಿ ವಸಂತದಲ್ಲಿ ಗಾರ್ಲಿಕ್ ಮಸ್ಟರ್ಡ್ ಕೀಳುತ್ತಾರೆ. ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ. ಕಣ್ಣಿಗಿಂತ ಮೊದಲು ಮೂಗಿಗೇ ಗುರುತು ಸಿಗುತ್ತದೆ.

ಹೊರಡುವ ಮೊದಲು

ಹುಡುಕುವುದು: ನಿಮ್ಮ ಊರಿನ ಅಥವಾ ಕೌಂಟಿಯ ಪಾರ್ಕ್ ಇಲಾಖೆಯಲ್ಲಿ ವಿಚಾರಿಸಿ. ಕುಟುಂಬಸಮೇತ ಬರಬಹುದೇ, ಮಕ್ಕಳಿಗೆ ಕನಿಷ್ಠ ವಯಸ್ಸು ಎಷ್ಟು ಎಂದು ಮೊದಲೇ ಕೇಳಿ. 18 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಸಹಿ ಬೇಕು.

ಬಟ್ಟೆ: ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್, ಮುಚ್ಚಿದ ಶೂ, ಟೋಪಿ. ಮನೆಗೆ ಬಂದ ಮೇಲೆ ಶೂ, ಬಟ್ಟೆ ಕೊಡವಿ. ಬೀಜಗಳು ಅಂಟಿಕೊಂಡು ಬರುತ್ತವೆ, ಉಣ್ಣೆಗಳೂ ಬರಬಹುದು. ಮಕ್ಕಳ ಕುತ್ತಿಗೆ, ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿ.

ಎಚ್ಚರ: ಕ್ಯಾಲಿಫೋರ್ನಿಯಾದಲ್ಲಿ ಪಾಯ್ಸನ್ ಓಕ್ ಗುರುತಿಸುವುದನ್ನು ಮೊದಲ ದಿನವೇ ಕಲಿಸಿ. ಮೂರು ಮೂರು ಎಲೆಗಳ ಗೊಂಚಲು. ಮುಟ್ಟಿದರೆ ತುರಿಕೆ, ಬೊಬ್ಬೆ. ಎಲೆ ಉದುರಿದ ಚಳಿಗಾಲದಲ್ಲೂ ಕಡ್ಡಿ ತಾಗಿದರೆ ಬಿಡುವುದಿಲ್ಲ. ಇದು ಗೇರಿನ ಕುಟುಂಬದ್ದು. ಹಸಿ ಗೇರುಬೀಜದ ಸಿಪ್ಪೆಯ ಸೊನೆ ಮೈಸುಡುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಕಲ್ಲು, ಪೊದೆಗಳ ಸಂದಿಗೆ ಕೈಹಾಕಬಾರದು ಎಂಬ ನಿಯಮವೂ ಇರಲಿ, ಹಾವುಗಳಿರುತ್ತವೆ.

ಶಿಸ್ತು: ಮುಂದಾಳು ತೋರಿಸದ ಯಾವ ಗಿಡವನ್ನೂ ಕೀಳಬಾರದು. ಸಂದೇಹವಿದ್ದರೆ ಕೇಳಬೇಕು. ದೇವರ ಪೂಜೆಗೆ ಎಂದೂ ಹೂ ಕೊಯ್ಯುವಂತಿಲ್ಲ. ದಾರಿ ಬಿಟ್ಟು ನಡೆಯುವಂತಿಲ್ಲ, ಮಲಗಿರುವ ಕಂಬಳಿಹುಳು ಕಾಲಡಿಯಲ್ಲೇ ಇರಬಹುದು.

ಊಟ-ತಿಂಡಿ: ನೀರು ಧಾರಾಳವಾಗಿ ಇರಲಿ. ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿ ರೋಲೋ ಇರಲಿ, ಒಂದು ಹಿಡಿ ಚಕ್ಕುಲಿ ಹೆಚ್ಚೇ ಇರಲಿ. ಪಕ್ಕದಲ್ಲಿ ಕೆಲಸ ಮಾಡಿದವರಿಗೆ ಮಗುವೇ ಹಂಚಲಿ.

ದೊಡ್ಡ ಮಕ್ಕಳು: ಹೈಸ್ಕೂಲಿನವರಿಗೆ ಇದು ಸಮುದಾಯ ಸೇವೆಯ ಗಂಟೆಗಳಾಗಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಶಾಲೆಯಲ್ಲಿ ಕೇಳಿ. ಆದರೆ ಬರೀ ಗಂಟೆ ತುಂಬಿಸಲು ಕಳಿಸಬೇಡಿ, ನೀವೂ ಜೊತೆಗೆ ಹೋಗಿ. ನೀವಿಲ್ಲದಿದ್ದರೆ ಅಲ್ಲಿ ಕನ್ನಡವೂ ಇರುವುದಿಲ್ಲ.

ಮೊದಲ ಸಲ ಮಕ್ಕಳು ಗೊಣಗಬಹುದು. ಬಿಸಿಲು, ಮುಳ್ಳು, ಇನ್ನೆಷ್ಟು ಹೊತ್ತು ಎಂಬ ರಾಗ. ಒಂದೇ ಭೇಟಿಯಿಂದ ತೀರ್ಮಾನಕ್ಕೆ ಬರಬೇಡಿ. ಸಾಧ್ಯವಾದರೆ ಒಂದೇ ಜಾಗಕ್ಕೆ ಒಂದು ವರ್ಷದಲ್ಲಿ ನಾಲ್ಕು ಋತುಗಳಲ್ಲೂ ಹೋಗಿ. ಮಳೆಗಾಲದಲ್ಲಿ ಕಿತ್ತ ಜಾಗದಲ್ಲಿ ವಸಂತದಲ್ಲಿ ಏನು ಬಂದಿದೆ ಎಂದು ಮಗು ತಾನೇ ನೋಡಲಿ. ಏನೂ ಬಾರದಿದ್ದರೂ ಅದೂ ಒಂದು ಮಾತಿಗೆ ವಿಷಯ: ಯಾಕೆ ಬರಲಿಲ್ಲ, ಮುಂದಿನ ವರ್ಷ ಏನು ಮಾಡಬಹುದು?

ಈ ವಾರ ಕ್ಯಾಲೆಂಡರ್ ತೆಗೆದು ಮುಂದಿನ ತಿಂಗಳ ಒಂದು ಶನಿವಾರಕ್ಕೆ ಗುರುತು ಹಾಕಿ. ಪಕ್ಕದ ಬೀದಿಯ ಇನ್ನೊಂದು ಕನ್ನಡದ ಮನೆಯವರಿಗೂ ಹೇಳಿ. ಇಬ್ಬರು ಮೂವರು ಮಕ್ಕಳು ಜೊತೆಗಿದ್ದರೆ ಯಾರ ಬೇರು ಉದ್ದ ಬಂತು ಎಂಬ ಪಂದ್ಯ ಶುರುವಾಗುತ್ತದೆ. ಆ ಪಂದ್ಯ ಕನ್ನಡದಲ್ಲೇ ನಡೆಯುವಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೆಲಸ.